ಅಗ್ಗದ ಪ್ರೊಸೆಸರ್ ಅಂದ್ರೆ ಕಳಪೆ ಮಾಲಾ?

ಮೈಸೂರಿನ ದೇವರಾಜ ಅರಸು ರಸ್ತೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಎಎಂಡಿ ಕಮ್ಮಿಗೆ ಸಿಗುತ್ತೆ ಸಾರ್, ಆದ್ರೆ ಬಿಸಿ ಆಗುತ್ತೆ." ಮಗನನ್ನು ಇಂಜಿನಿಯರಿಂಗ್‌ಗೆ ಸೇರಿಸಿದ ಅಪ್ಪ ತಲೆಯಾಡಿಸಿ ಜಾಸ್ತಿ ದುಡ್ಡು ಕೊಟ್ಟು ಇಂಟೆಲ್ ಒಯ್ಯುತ್ತಾರೆ. ಎರಡೂ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ ತರುವ ಎದುರಾಳಿ ಕಂಪನಿಗಳು. ಬಿಸಿಗೆ ಹೆಸರಾಗಿದ್ದ 2004ರ ಪೆಂಟಿಯಮ್ 4 ಪ್ರೆಸ್ಕಾಟ್ ಇಂಟೆಲ್‌ದೇ ಅನ್ನೋದು ಯಾರಿಗೂ ನೆನಪಿಲ್ಲ.

ಖರ್ಚಿನ ದೊಡ್ಡ ಪಾಲು ಚಿಪ್ ಕಾರ್ಖಾನೆ ಕಟ್ಟೋದರಲ್ಲೇ ಇದೆ. ಈಗಿನ ಒಂದಕ್ಕೆ ಸಾವಿರ ಕೋಟಿ ಡಾಲರ್ ಸಾಲದು. ಕಟ್ಟಿದ ಮೇಲೆ ಇನ್ನೊಂದು ಚಿಪ್ ಮಾಡೋದು ದೊಡ್ಡ ಖರ್ಚಲ್ಲ. ಹಾಗಾಗಿ ಬೆಲೆ ಇಳಿಸೋಕೆ ಜಾಗ ಬೇಕಾದಷ್ಟಿದೆ. ಎದುರಾಳಿ ಇಲ್ಲದಿದ್ದರೆ ಯಾರು ಇಳಿಸುತ್ತಾರೆ?

300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಒಟ್ಟಿಗೆ ಮೂಡುತ್ತವೆ. ಎಲ್ಲವೂ ಒಂದೇ ಥರ ಬರುವುದಿಲ್ಲ. ಕೆಲವು ಜೋರು ವೇಗದಲ್ಲೂ ಆರಾಮಾಗಿ ಓಡುತ್ತವೆ, ಕೆಲವು ಓಡುವುದಿಲ್ಲ, ಕೆಲವದರಲ್ಲಿ ಒಂದು ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ) ಕೆಟ್ಟಿರುತ್ತದೆ. ಒಂದೊಂದನ್ನೂ ಪರೀಕ್ಷಿಸಿ ಬೇರೆ ಮಾಡುವುದಕ್ಕೆ ಬಿನ್ನಿಂಗ್ ಅಂತಾರೆ. ಮಂಡ್ಯದ ಎಪಿಎಂಸಿಯಲ್ಲಿ ಬಣ್ಣ ನೋಡಿ ಬೆಲ್ಲಕ್ಕೆ ದರ ಕಟ್ಟುವುದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಬೆಲ್ಲದ ವ್ಯಾಪಾರಿ ಕನಸಲ್ಲೂ ಮಾಡದ ಕೆಲಸವೊಂದನ್ನು ಚಿಪ್ ಕಂಪನಿಗಳು ಮಾಡುತ್ತವೆ. ಒಳ್ಳೆ ಮಾಲಿನ ಒಂದು ಭಾಗವನ್ನು ಬೇಕಂತಲೇ ಬಂದ್ ಮಾಡಿ, ಕಮ್ಮಿ ದರಕ್ಕೆ ಬಿಡುತ್ತವೆ.

1991ರಲ್ಲಿ ಎಎಂಡಿ ತನ್ನದೇ 386 ಚಿಪ್ ತಂದಿತು. ಅದಕ್ಕೆ ಎದುರು ನಿಲ್ಲೋಕೆ ತನ್ನ ದುಬಾರಿ 486 ಚಿಪ್‌ನ ಬೆಲೆಯನ್ನೇ ಇಳಿಸಿದರೆ ಇಂಟೆಲ್‌ನ ಲಾಭ ಕೈಬಿಡುತ್ತಿತ್ತು. ಹಾಗಾಗಿ ಅದೇ ವರ್ಷ ಅಗ್ಗದ 486ಎಸ್‌ಎಕ್ಸ್ ಬಂತು. ಮೊದಮೊದಲ ಎಸ್‌ಎಕ್ಸ್ ಒಳಗೆ ದಶಾಂಶದ ಲೆಕ್ಕ ಮಾಡುವ ಭಾಗ ಇತ್ತು, ಅದು ಕೆಲಸ ಮಾಡದ ಹಾಗೆ ಕಟ್ಟಿಹಾಕಿದ್ದರು. ಆ ಲೆಕ್ಕವೂ ಬೇಕು ಅಂದವರಿಗೆ 487 ಅನ್ನೋ 'ಸಹಾಯಕ' ಚಿಪ್ ಮಾರಿದರು. ಈ ಕಥೆಯಲ್ಲಿ ನನಗೆ ಅಚ್ಚುಮೆಚ್ಚು ಈ 487. ಅದು ಸಹಾಯಕ ಅಲ್ಲವೇ ಅಲ್ಲ, ಒಂದು ಪಿನ್ ಜಾಸ್ತಿ ಇದ್ದ ಪೂರ್ತಿ 486! ಕೂರಿಸಿದ ತಕ್ಷಣ ಹಳೆಯ ಚಿಪ್ಪನ್ನು ಮಲಗಿಸಿ ಎಲ್ಲ ಕೆಲಸ ತಾನೇ ಮಾಡುತ್ತಿತ್ತು. ಗಿರಾಕಿ ಮೊದಲು ದುಡ್ಡು ಕೊಟ್ಟು ತಂದದ್ದು ಬೋರ್ಡ್ ಮೇಲೆ ಸುಮ್ನೆ ಕೂತಿರುತ್ತಿತ್ತು.

ಎಎಂಡಿಯೂ ಸಾಚಾ ಏನಲ್ಲ. 2009ರ ಮೂರು ಕೋರ್‌ಗಳ ಫೆನಮ್ 2 ಅಸಲಿಗೆ ನಾಲ್ಕು ಕೋರ್‌ನದು. ಕೆಲವು ಮದರ್‌ಬೋರ್ಡ್‌ಗಳಲ್ಲಿ ನಾಲ್ಕನೆಯದನ್ನು ಎಬ್ಬಿಸಬಹುದಿತ್ತು. ಅದೃಷ್ಟ ಇದ್ದವರಿಗೆ ಓಡಿತು, ಇಲ್ಲದವರಿಗೆ ಕಂಪ್ಯೂಟರ್ ನಿಂತುಹೋಯಿತು.

ಅಂದಹಾಗೆ, 1968ರ ಇಂಟೆಲ್, 1969ರ ಎಎಂಡಿ ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಕಂಪನಿ ಬಿಟ್ಟು ಬಂದವರೇ. ಇಂಟೆಲ್ ಚಿಪ್ ಕೊಳ್ಳುತ್ತಿದ್ದ ಕಂಪ್ಯೂಟರ್ ಕಂಪನಿ ಐಬಿಎಂ ಒಬ್ಬರನ್ನೇ ನೆಚ್ಚಿಕೊಳ್ಳಲು ಒಪ್ಪದ ಕಾರಣಕ್ಕೆ ಇಂಟೆಲ್‌ನ ಚಿಪ್ ಮಾಡುವ ಹಕ್ಕು 1982ರಲ್ಲಿ ಎಎಂಡಿಗೆ ಸಿಕ್ಕಿತು. ಎದುರಾಳಿಯನ್ನು ಬೆಳೆಸಿದ್ದು ಗಿರಾಕಿಯೇ ಅಲ್ವಾ!

ಎದುರಾಳಿ ಸೊರಗಿದಾಗ ಏನಾಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. ಮನೆಬಳಕೆಯ ಇಂಟೆಲ್ ಚಿಪ್‌ಗಳಲ್ಲಿ 2007ರಲ್ಲಿ ನಾಲ್ಕು ಕೋರ್ ಇತ್ತು. 2017ರ ಜನವರಿಯ ಐ7-7700ಕೆ ಚಿಪ್‌ನಲ್ಲೂ ನಾಲ್ಕೇ. ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ನ ರೈಜನ್ 1800ಎಕ್ಸ್ ತಂದು 499 ಡಾಲರ್ ಅಂದಿತು. ಇಂಟೆಲ್‌ನ ಎಂಟು ಕೋರ್‌ಗೆ ಆಗ ಸಾವಿರ ಡಾಲರ್ ದಾಟುತ್ತಿತ್ತು. ಅಕ್ಟೋಬರ್‌ಗೆ ಇಂಟೆಲ್‌ನ ಐ7-8700ಕೆ ಬಂತು. ಆರು ಕೋರ್, ಹೆಚ್ಚಿಸಿದ್ದು ಬರೀ 20 ಡಾಲರ್. ಅದೂ ಜನವರಿಯದರ ಹಾಗೆ '14 ನ್ಯಾನೋಮೀಟರ್' ಅನ್ನೋ ತಯಾರಿಕಾ ತಂತ್ರದ್ದೇ.