ಪರದೆಯಲ್ಲಿ ಬಣ್ಣದ ಗೆರೆ: ಕಾರ್ಡ್ ಹೋಯಿತಾ, ಕೇಬಲ್ಲಾ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಮಳೆ ಹಿಡಿದಂದಿನಿಂದ ಮಗನ ಕಂಪ್ಯೂಟರ್ ಪರದೆಯಲ್ಲಿ ಬಣ್ಣದ ಗೆರೆ, ಚುಕ್ಕೆ ಬರುತ್ತಿವೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದೇ ಹಾಕಬೇಕು ಎಂದು ರಿಪೇರಿಯವರು ಹೇಳಿದರು. ಹಾಕಿಸಲೇಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಚಿತ್ರ ಕೆಡುತ್ತಿರುವುದು ಎಲ್ಲಿ ಅಂತ ಮೊದಲು ಗೊತ್ತಾಗಬೇಕು.

ಮುಂದಿನ ಸಲ ಗೆರೆ ಬಂದಾಗ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಅಲ್ಲಿ ಗೆರೆ ಇಲ್ಲವಾ? ಹಾಗಾದರೆ ಸಂಶಯ ಕೇಬಲ್, ಅದರ ಕಿಂಡಿ ಅಥವಾ ಮಾನಿಟರ್ ಮೇಲೆ. ಕೇಬಲ್ ಬದಲಿಸಿ, ಕಾರ್ಡಿನ ಇನ್ನೊಂದು ಕಿಂಡಿಗೆ ಚುಚ್ಚಿ ನೋಡಿ. ಮಾನಿಟರಿನದೇ ಬಟನ್ ಒತ್ತಿದರೆ ಬರುವ ಮೆನುವಿನ ಮೇಲೂ ಗೆರೆ ಹಾದುಹೋದರೆ ಮಾನಿಟರಿನದೇ ತಪ್ಪು. ಆ ಮೆನು ಕಂಪ್ಯೂಟರಿನಿಂದ ಬರುವುದಲ್ಲ.

ಮೊಬೈಲಿನಲ್ಲೂ ಗೆರೆ ಇದ್ದರೆ ಸಂಶಯ ಕಾರ್ಡ್ ಇಲ್ಲವೇ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮೇಲೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಇತ್ತೀಚೆಗೆ ಅಪ್‌ಡೇಟ್ ಆದ ಮೇಲೆ ತೊಂದರೆ ಬಂದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳೇ ಡ್ರೈವರಿಗೆ ವಾಪಸ್ ಹೋಗಿ. ಆದರೆ ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವ ಮೊದಲೇ ಗೆರೆ ಕಂಡರೆ ಡ್ರೈವರನ್ನು ಬೈದು ಪ್ರಯೋಜನವಿಲ್ಲ.

ಇನ್ನು ಮಳೆಯ ವಿಚಾರ. ಸುಟ್ಟ ಹಪ್ಪಳ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುವ ಊರು ನಮ್ಮದು, ಕಾರ್ಡ್ ಸುಮ್ನಿರುತ್ತದಾ? ಹೋದ ಆಟಿ ತಿಂಗಳ ಮಳೆಯಲ್ಲಿ ನನ್ನದೂ ಹೀಗೇ ಆಗಿತ್ತು. ಕಾರ್ಡ್ ತೆಗೆದು ಟಾರ್ಚ್ ಹಿಡಿದು ನೋಡಿದೆ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳಲ್ಲಿ ನಾಲ್ಕೈದು ಮಂಕಾಗಿದ್ದವು. ಮಗಳ ಪೆನ್ಸಿಲ್ ಡಬ್ಬಿಯ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಉದುರಿದ ಪುಡಿ ಬ್ರಷ್‌ನಿಂದ ಒರೆಸಿದೆ. ಮತ್ತೆ ಕೂರಿಸಿದಾಗ 'ಟಕ್' ಅಂತು. ಆಮೇಲೆ ಗೆರೆ ಬರಲಿಲ್ಲ. ನನ್ನ ಕಾರ್ಡನ್ನೂ ಒಬ್ಬರು ಸತ್ತಿದೆ ಅಂದಿದ್ದರು!

ನೀವೂ ಮಾಡಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು, ಆಮೇಲೆ ಪೆಟ್ಟಿಗೆ ಬಿಚ್ಚಿ. ಕಾರ್ಡಿನ ಸ್ಕ್ರೂ ತೆಗೆಯಿರಿ. ಕೂತ ಜಾಗದ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಅದನ್ನು ಬಿಡಿಸದೆ ಎಳೆದರೆ ಮುರಿಯುತ್ತದೆ. ಕಾರ್ಡಿಗೆ ಬೇರೆ ಕರೆಂಟ್ ವಯರ್ ಇದ್ದರೆ ಅದನ್ನೂ ಒತ್ತಿ ಕೂರಿಸಿ.

ಗೇಮ್ ಶುರುಮಾಡಿ ಹತ್ತು ನಿಮಿಷದ ಮೇಲೆ ಮಾತ್ರ ಗೆರೆ ಬರುತ್ತದಾ? ಆಗ ಬಿಸಿಯ ಮೇಲೆ ಸಂಶಯಪಡಿ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾರ್ಡಿನ ಬಿಸಿ ಕಾಣುತ್ತದೆ. ಗೇಮಿನಲ್ಲಿ 80 ಡಿಗ್ರಿ ಆಸುಪಾಸು ಇದ್ದರೆ ಹೆದರಬೇಡಿ, 90 ದಾಟಿದರೆ ಫ್ಯಾನಿನ ಧೂಳು ತೆಗೆಯಿರಿ. ಇಲ್ಲಿನ ಧೂಳಿಗೆ ಪಸೆ ಸೇರಿ ಕಂಬಳಿಯ ಹಾಗೆ ಅಂಟಿರುತ್ತದೆ, ಬರೀ ಊದಿದರೆ ಹೋಗುವುದಿಲ್ಲ.

ಕೊನೆಗೆ ಕಾರ್ಡ್ ತೆಗೆದು, ಕೇಬಲ್ ನೇರ ಮದರ್‌ಬೋರ್ಡಿಗೆ (ಕಾರ್ಡ್ ಕೂತಿದ್ದ ದೊಡ್ಡ ಬೋರ್ಡಿಗೆ) ಚುಚ್ಚಿ ಓಡಿಸಿ. (ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ, ಹಾಗಾಗಿ ಚಿತ್ರವೇ ಬರುವುದಿಲ್ಲ, ಗಾಬರಿ ಬೇಡ.) ಹಾಗೆ ಓಡಿಸಿದಾಗ ಪರದೆ ಚೊಕ್ಕವಾಗಿದ್ದು, ಆ ಕಾರ್ಡ್ ನೆರೆಮನೆಯ ಕಂಪ್ಯೂಟರಿನಲ್ಲೂ ಗೆರೆ ಎಳೆದರೆ ರಿಪೇರಿಯವರು ಹೇಳಿದ್ದು ಸರಿ. ಓವನ್‌ನಲ್ಲಿ ಬಿಸಿಮಾಡಿ ಬದುಕಿಸುವ ವಿಡಿಯೋ ನಂಬಬೇಡಿ. ಹಲವು ಕಾರ್ಡುಗಳಿಗೆ 3 ವರ್ಷದ ವಾರಂಟಿ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ಹಳೇ ಬಿಲ್ ಎಲ್ಲಿದೆ ಅಂತ ಮಗನನ್ನು ಕೇಳಿ.