ಜೇಡ್ ಗಿಡದ ರಾತ್ರಿಪಾಳಿ

ದಪ್ಪ ಎಲೆಯ ಜೇಡ್ ಗಿಡವನ್ನು ಮಲಗುವ ಕೋಣೆಯಲ್ಲಿಟ್ಟರೆ ಅದು ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆಂಬ ಮಾತು ಎಷ್ಟು ಹಬ್ಬಿದೆಯೆಂದರೆ, ಅದನ್ನು ಅಲ್ಲಗಳೆಯುವವರನ್ನೇ ಜನ ಅನುಮಾನದಿಂದ ನೋಡುತ್ತಾರೆ. ಈ ಗಿಡ ಹಣ ತರುತ್ತದೆಂಬ ನಂಬಿಕೆಯನ್ನಾದರೂ ನಕ್ಕು ಬಿಡಬಹುದು. ಆಮ್ಲಜನಕದ ಕಥೆ ವಿಜ್ಞಾನದ ವೇಷ ತೊಟ್ಟು ಬರುವುದರಿಂದ ಅದನ್ನು ಹಾಗೆಯೇ ಬಿಡುವಂತಿಲ್ಲ. ಗಿಡ ಹೊರಬಿಡುವ ಆಮ್ಲಜನಕ ನೀರಿನ ಅಣು ಒಡೆದಾಗ ಹುಟ್ಟುವಂಥದ್ದು, ಆ ಒಡೆತಕ್ಕೆ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಜೇಡ್ ಕೂಡ ನಮ್ಮಂತೆಯೇ ಆಮ್ಲಜನಕವನ್ನು ಬಳಸಿಕೊಂಡು ಉಸಿರಾಡುತ್ತದೆ.

ಆದರೆ ಈ ತಪ್ಪು ತಿಳಿವಳಿಕೆಯ ಬುಡದಲ್ಲಿ ಒಂದು ಸೊಗಸಾದ ನಿಜವಿದೆ. ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್ ಜೇಡ್ ಗಿಡದ ತವರು. ಅಲ್ಲಿನ ಒಣ ಇಳಿಜಾರುಗಳಲ್ಲಿ ಹಗಲು ಹೊತ್ತು ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಸೂಕ್ಷ್ಮ ತೂತುಗಳನ್ನು, ತೆರೆದರೆ, ಇಂಗಾಲದ ಡೈಆಕ್ಸೈಡ್ ಒಳಬರುವಷ್ಟರಲ್ಲಿ ಎಲೆಯ ನೀರು ಆವಿಯಾಗಿ ಹೋಗುತ್ತದೆ. ಹೀಗಾಗಿ ಗಿಡವು ಬಿಸಿಲಿಳಿದ ಮೇಲೆ ಮಾತ್ರ ಸಂತೆಗೆ ಹೋಗುವ ಗೃಹಸ್ಥನಂತೆ ರಾತ್ರಿ ಬಾಗಿಲು ತೆರೆದು ಸಾಮಾನು ತಂದಿಟ್ಟುಕೊಂಡು, ಬೆಳಗಾದೊಡನೆ ಬಾಗಿಲು ಹಾಕಿ ಒಳಗೇ ಅಡುಗೆ ಮಾಡುತ್ತದೆ. ತಂದ ಅನಿಲ ಸೋರಿ ಹೋಗದಂತೆ ಅದನ್ನು ಮ್ಯಾಲಿಕ್ ಆಮ್ಲವಾಗಿ, ಅಂದರೆ ಸೇಬಿಗೆ ಹುಳಿ ಕೊಡುವ ಅದೇ ಆಮ್ಲವಾಗಿ, ಜೀವಕೋಶದೊಳಗಿನ ರಸದ ಚೀಲವಾದ ರಸದಾನಿಯಲ್ಲಿ ತುಂಬಿಸಿಡುತ್ತದೆ. ಒಡವೆಯನ್ನು ರಾತ್ರಿ ಅಡವಿಟ್ಟು ಬೆಳಗ್ಗೆ ಬಿಡಿಸಿಕೊಂಡಂತೆ, ಹಗಲಾದಾಗ ಆ ಆಮ್ಲದಿಂದಲೇ ಅನಿಲವನ್ನು ಮರಳಿ ಪಡೆದು, ಮುಚ್ಚಿದ ಎಲೆಯೊಳಗೆ ಬಿಸಿಲಿನ ಬಲದಿಂದ ಸಕ್ಕರೆ ತಯಾರಿಸುತ್ತದೆ. ರಾತ್ರಿ ನಡೆಯುವುದು ಇಂಗಾಲದ ಡೈಆಕ್ಸೈಡಿನ ಸಂಗ್ರಹ ಮಾತ್ರ. ಈ ಅರ್ಧ ಸತ್ಯ ಬಾಯಿಂದ ಬಾಯಿಗೆ ಹರಿದು ಆಮ್ಲಜನಕದ ಕಥೆಯಾಗಿದೆ.

ಇದರ ಸುಳಿವು ಬಹಳ ಹಿಂದೆ ಸಿಕ್ಕಿದ್ದು ನಾಲಿಗೆಗೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಸ್ಯವಿಜ್ಞಾನಿಯಾಗಿದ್ದ ಬೆಂಜಮಿನ್ ಹೇಯ್ನ್, ಜೇಡ್ ಕುಟುಂಬಕ್ಕೇ ಸೇರಿದ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಗಮನಿಸಿ ಬರೆದ ಪತ್ರವು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ಎಲೆಯನ್ನು ದಿನಕ್ಕೆ ಮೂರು ಬಾರಿ ರುಚಿ ನೋಡುವ ವ್ಯವಧಾನ ನಮ್ಮಲ್ಲಿ ಎಷ್ಟು ಜನರಿಗಿದೆ? ಆದರೆ ಜೇಡ್ ಎಲೆಯನ್ನು ಯಾರೂ ಬಾಯಿಗೆ ಹಾಕಿಕೊಳ್ಳಬಾರದು. ನಾಯಿ, ಬೆಕ್ಕುಗಳಿಗಂತೂ ಅದು ವಿಷಕಾರಿ. ನಸುಕಿನಲ್ಲಿ ಒಂದು, ಸಂಜೆ ಒಂದು ಎಲೆಯನ್ನು ಜಜ್ಜಿ, ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಪಿಎಚ್ ಕಾಗದಕ್ಕೆ ತಾಗಿಸಿದರೆ ಸಾಕು, ವ್ಯತ್ಯಾಸ ಬಣ್ಣದಲ್ಲೇ ಕಾಣುತ್ತದೆ.

ಈ ರಾತ್ರಿಪಾಳಿಯನ್ನು ಅರ್ಥಮಾಡಿಕೊಂಡವರಿಗೆ ಗಿಡ ಬೆಳೆಸುವುದು ಕಷ್ಟವಲ್ಲ. ರಸದಾನಿ ತುಂಬಿದ ಮೇಲೆ ಹೆಚ್ಚು ಅನಿಲ ಹಿಡಿಸುವುದಿಲ್ಲವಾದ್ದರಿಂದ ಬೆಳವಣಿಗೆ ನಿಧಾನ, ಗೊಬ್ಬರ ಸುರಿದು ಅವಸರಪಡಿಸಿ ಫಲವಿಲ್ಲ. ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿದ ಮಣ್ಣು, ತಳದಲ್ಲಿ ತೂತಿರುವ ಕುಂಡ, ದಿನಕ್ಕೆ ನಾಲ್ಕಾರು ಗಂಟೆ ಒಳ್ಳೆಯ ಬೆಳಕು ಇವಿಷ್ಟು ಸಾಕು. ನೀರಿನ ವಿಷಯದಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ಬಾಯಾರಿದ ಗಿಡದ ಎಲೆ ಸುಕ್ಕುಗಟ್ಟುತ್ತದೆ, ನಿಜ; ಆದರೆ ನೀರು ನಿಂತು ಬೇರು ಕೊಳೆತ ಗಿಡದ ಎಲೆಯೂ ನೀರು ಹೀರಲಾರದೆ ಸುಕ್ಕುಗಟ್ಟುತ್ತದೆ, ಅದನ್ನು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರೆರೆದರೆ ಗಿಡದ ಕಥೆ ಮುಗಿದಂತೆಯೇ. ಮೊದಲು ಬೆರಳನ್ನು ಮಣ್ಣಿನೊಳಗೆ ಇಳಿಸಿ ನೋಡಬೇಕು. ಒಳಗೂ ಒಣಗಿದ್ದರೆ ಮಾತ್ರ ಬೇರು ತೋಯುವಂತೆ ನೀರುಣಿಸಿ, ಮತ್ತೆ ಒಣಗುವವರೆಗೆ ಸುಮ್ಮನಿರಬೇಕು. ಹೊಸ ಗಿಡಕ್ಕಾಗಿ ಕಡ್ಡಿ ಕತ್ತರಿಸಿದಾಗಲೂ ಇದೇ ತಾಳ್ಮೆ ಬೇಕು: ಕೊಯ್ದ ಬಾಯಿ ನಾಲ್ಕೈದು ದಿನ ನೆರಳಲ್ಲಿ ಒಣಗಿ ಗಟ್ಟಿಯಾದ ಮೇಲೆಯೇ ಅದನ್ನು ನೆಡಬೇಕು.

ಹೂವಿಗೆ ವರ್ಷಗಟ್ಟಲೆ ಕಾಯಬೇಕು, ಎಳೆಯ ಗಿಡ ಹೂ ಬಿಡುವುದಿಲ್ಲ. ಬಲಿತ ಗಿಡಕ್ಕೆ ಚಳಿಗಾಲದ ಮುನ್ನ ನೀರನ್ನು ಕಡಿಮೆ ಮಾಡಿ, ತಂಪಾದ ದೀರ್ಘ ರಾತ್ರಿಗಳು ಸಿಗುವಂತೆ ನೋಡಿಕೊಂಡರೆ, ಕೊಂಬೆಗಳ ತುದಿಯಲ್ಲಿ ಐದೆಸಳಿನ ಪುಟ್ಟ ನಕ್ಷತ್ರಗಳು ಬಿಳಿ ಅಥವಾ ತಿಳಿಗುಲಾಬಿ ಬಣ್ಣದಲ್ಲಿ ಗೊಂಚಲು ಗೊಂಚಲಾಗಿ ಅರಳುತ್ತವೆ. ಸರಿರಾತ್ರಿಯವರೆಗೆ ದೀಪ ಉರಿಯುವ ಕೋಣೆಯಲ್ಲಿ ಗಿಡಕ್ಕೆ ಆ ದೀರ್ಘ ಕತ್ತಲು ಸಿಗುವುದಿಲ್ಲ. ಆಮ್ಲಜನಕದ ಆಸೆಯಿಂದ ಅದನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡವರು ಹೂವನ್ನೂ ಕಾಣದಿರುವುದು ಬಹುಶಃ ಇದೇ ಕಾರಣಕ್ಕೆ.