ರೂಟ್ ಕೆನಾಲ್ ಆದ ಹಲ್ಲೇ ಪುನಃ ನೋಯ್ತಾ ಉಂಟು ಅಂದ್ರೆ ಎಂತ ಮಾಡುದು

ಡೆಂಟಲ್ ಫೈನಲ್ ಇಯರಿನ ಕೆಲವರು ಕೇಳಿದ್ದಕ್ಕೆ ಬರೀತಿದ್ದೇನೆ, ಕಾನ್ಸ್ (ಹಲ್ಲು ಉಳಿಸುವ ವಿಭಾಗ) ಪೋಸ್ಟಿಂಗಿಗೂ ವೈವಾಕ್ಕೂ ಉಪಯೋಗ ಆಗ್ತದೆ. ಮಂಗಳೂರಲ್ಲಿ ಒಪಿಡಿಯಲ್ಲಿ ಕೂತ್ರೆ "ಡಾಕ್ಟ್ರೆ, ನರ ತೆಗ್ದಾಗಿದೆ, ಮತ್ತೆ ಎಂತಕ್ಕೆ ನೋವು?" ಅಂತ ಕೇಳುವವರು ಬಂದೇ ಬರ್ತಾರೆ, ತುಳುವಿನವ್ರಾದ್ರೆ "ಕೂಲಿ ಬೇನೆ" (ಹಲ್ಲು ನೋವು) ಅಂತ ಕೆನ್ನೆ ಹಿಡ್ಕೊಂಡೇ ಬರುದು. ಅವ್ರ ಪ್ರಶ್ನೆ ಸರಿಯೇ. ನಾವು ತೆಗೆದದ್ದು ಹಲ್ಲಿನ ಒಳಗಿನ ನರ, ಈಗ ನೋಯ್ತಿರುದು ಬೇರಿನ ತುದಿಯ ಸುತ್ತ ಇರುವ ಎಲುಬು ಮತ್ತೆ ಲಿಗಮೆಂಟ್, ಅಲ್ಲಿಯ ನರ ಹಾಗೇ ಉಂಟು.

ಮೂಲ ಬ್ಯಾಕ್ಟೀರಿಯಾ. 1965ರಲ್ಲಿ ಕಾಕೆಹಾಶಿ, ಸ್ಟಾನ್ಲಿ, ಫಿಟ್ಜ್‌ಜೆರಾಲ್ಡ್ ಇಲಿಗಳ ಹಲ್ಲು ಕೊರೆದು ಪಲ್ಪ್ (ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆ ಭಾಗ) ಓಪನ್ ಬಿಟ್ರು. ಸಾಮಾನ್ಯ ಇಲಿಗಳಲ್ಲಿ ಪಲ್ಪ್ ಸತ್ತು ಕೀವಾಯ್ತು, ರೋಗಾಣು ಇಲ್ಲದ ಹಾಗೆ ಸಾಕಿದ ಇಲಿಗಳಲ್ಲಿ ಆಹಾರ ಒಳಗೆ ಹೊಕ್ಕಿದ್ರೂ ಪಲ್ಪ್ ಬದುಕಿ ಡೆಂಟಿನ್ (ಪಲ್ಪಿನ ಸುತ್ತ ಇರುವ ಹಲ್ಲಿನ ಗಟ್ಟಿ ಪದರ) ಸೇತುವೆ ಕಟ್ಟಿತು. (ಮಣಿಪಾಲದ ಡೆಂಟಲ್ ಕಾಲೇಜು ಶುರುವಾದದ್ದೂ ಅದೇ ವರ್ಷ, ಹಾಗಾಗಿ ಇಸವಿ ನಂಗೆ ಮರೆಯುದಿಲ್ಲ.) ಆದ್ದರಿಂದ ಫೇಲ್ ಆದ ಪ್ರತಿ ಹಲ್ಲಿಗೂ ಮೊದಲ ಪ್ರಶ್ನೆ ಒಂದೇ, ಬ್ಯಾಕ್ಟೀರಿಯಾ ಒಳಗೇ ಉಳಿದದ್ದಾ, ಮೇಲಿಂದ ಹೊಸತಾಗಿ ಇಳಿದದ್ದಾ?

ಒಳಗೆ ಉಳಿಯುದು ಹೆಚ್ಚಾಗಿ ಕ್ಲೀನ್ ಮಾಡದೆ ಬಿಟ್ಟುಹೋದ ಕೆನಾಲಿಂದ, ಅಂದ್ರೆ ಬೇರಿನ ಒಳಗಿನ ಸಪೂರ ನಾಳದಿಂದ. ಮೇಲಿನ ಮೊದಲ ದವಡೆ ಹಲ್ಲಲ್ಲಿ ಎಂಬಿ2 ಅನ್ನುವ ನಾಲ್ಕನೇ ಕೆನಾಲ್ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಇರ್ತದೆ, ಮೂರು ಕೆನಾಲ್ ಸಿಕ್ಕಿದ ಕೂಡ್ಲೆ ಹುಡುಕುದು ನಿಲ್ಲಿಸ್ಬೇಡಿ. ಫೈಲ್ (ಕೆನಾಲ್ ಉಜ್ಜುವ ಸೂಜಿಯಂಥ ಸಾಧನ) ಮುರಿದು ಒಳಗೆ ಉಳಿದ್ರೆ ಆ ತುಂಡಿಂದ ರೋಗ ಅಲ್ಲ, ಅದರ ಆಚೆ ಕ್ಲೀನ್ ಆಗದೆ ಉಳಿದ ಜಾಗದಿಂದ.

ಮೇಲಿಂದ ಇಳಿಯುದನ್ನು ನಾವು ತುಂಬ ಹಗುರವಾಗಿ ತಗೊಳ್ತೇವೆ ಅಂತ ನನ್ನ ಅಭಿಪ್ರಾಯ. ನೋವು ಹೋಯ್ತು, ಟೆಂಪರರಿ ಸಿಮೆಂಟಲ್ಲೇ ಆರು ತಿಂಗಳು ಕಳೀತು, ಅಷ್ಟಮಿಗೆ ಚಕ್ಕುಲಿ ಕಚ್ಚುವಾಗ ಹಲ್ಲಿನ ಗೋಡೆ ಮುರೀತು, ಆಮೇಲೆ ಎಂಜಲು ಗಟ್ಟಾಪರ್ಚಾದ (ಕೆನಾಲಿಗೆ ತುಂಬುವ ರಬ್ಬರಿನಂಥ ವಸ್ತು) ಬದಿಯಿಂದ ಕೆಳಗೆ ಇಳಿಯುತ್ತಾ ಹೋಗ್ತದೆ. 1995ರಲ್ಲಿ ರೇ ಮತ್ತು ಟ್ರೋಪ್ ಮೇಲಿನ ಫಿಲ್ಲಿಂಗ್ ಒಳಗಿನದ್ದಕ್ಕಿಂತಲೂ ಮುಖ್ಯ ಅಂದ್ರು, ನಂತ್ರದ ಸ್ಟಡಿಗಳಲ್ಲಿ ಎರಡೂ ಬೇಕು ಅಂತ ಬಂತು.

ಈಗ ಪರೀಕ್ಷೆ, ಇಲ್ಲೇ ನಿಧಾನ ಮಾಡಿ. ಕಾಪುವಿಂದ ಬಂದ ಒಬ್ರು ಅಮ್ಮ, ಕೆಳಗಿನ ದವಡೆ ಹಲ್ಲು, ವಸಡಲ್ಲಿ ಗುಳ್ಳೆ. ನಾನು ಕೆನಾಲ್ ಬಿಟ್ಟುಹೋಗಿದೆ ಅಂತ ರೀಟ್ರೀಟ್‌ಮೆಂಟಿಗೆ ಟ್ರೇ ರೆಡಿ ಮಾಡಿದ್ದೆ, ಮೇಡಂ ಬಂದು "ಪ್ರೋಬ್ ಮಾಡಿದ್ಯಾ?" ಅಂತ ಕೇಳಿದ್ರು. ಪ್ರೋಬ್ ಅಂದ್ರೆ ವಸಡು ಮತ್ತೆ ಹಲ್ಲಿನ ನಡುವಿನ ಆಳ ಅಳೆಯುವ ಕಡ್ಡಿ. ಸುತ್ತ ಎಲ್ಲ ಕಡೆ 2-3 ಮಿಮೀ, ಒಂದೇ ಒಂದು ಕಡೆ ಪ್ರೋಬ್ 9 ಮಿಮೀ ಇಳೀತು. ಬೇರು ಉದ್ದಕ್ಕೆ ಸೀಳಿತ್ತು. ಪ್ರೋಬ್ ಮಾಡದೆ ಶುರು ಮಾಡಿದ್ರೆ ಅವ್ರ ದುಡ್ಡು, ಬಸ್ಸಲ್ಲಿ ನಾಲ್ಕೈದು ಸಲ ಬಂದ ಶ್ರಮ ಎಲ್ಲ ನೀರಿಗೆ ಹೋಗ್ತಿತ್ತು, ಈಗಲೂ ನೆನೆದ್ರೆ ಬೇಜಾರಾಗ್ತದೆ. ಕಿರಿದಾದ ಆಳವಾದ ಒಂದೇ ಪಾಕೆಟ್, ಎಕ್ಸ್‌ರೇಯಲ್ಲಿ ಜೆ ಆಕಾರದ ಕಪ್ಪು, ಇವೆರಡು ಕಂಡ್ರೆ ಮೊದಲು ಸೀಳನ್ನೇ ಸಂಶಯ ಪಡಿ. ಗುಳ್ಳೆಯ ತೂತಿಗೆ 25 ಅಥವಾ 30ರ ಗಟ್ಟಾಪರ್ಚಾ ಪಾಯಿಂಟ್ ಮೆಲ್ಲ ತೂರಿಸಿ ಎಕ್ಸ್‌ರೇ ತೆಗೀರಿ, ಕೀವು ಯಾವ ಬೇರಿಂದ ಬರ್ತದೆ ಅಂತ ಅದೇ ತೋರಿಸ್ತದೆ. ಸಂಶಯ ಉಳಿದ್ರೆ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್). ಸೈನಸ್ ನೋವೂ ಮೇಲಿನ ದವಡೆ ಹಲ್ಲಿನ ನೋವಿನ ಹಾಗೇ ಇರ್ತದೆ, ಶೀತ ಉಂಟಾ ಅಂತ ಕೇಳಿ.

ಕಾರಣ ಗೊತ್ತಾದ್ರೆ ಮುಂದಿನ ದಾರಿ ಅದೇ ಹೇಳ್ತದೆ. ಒಳಗೆ ತಲುಪ್ಲಿಕ್ಕೆ ಆಗ್ತದೆ, ಹಲ್ಲು ಗಟ್ಟಿ ಉಂಟು ಅಂದ್ರೆ ರೀಟ್ರೀಟ್‌ಮೆಂಟ್. ಹಳೆ ಗಟ್ಟಾಪರ್ಚಾವನ್ನು ಡಿ1, ಡಿ2, ಡಿ3 ಫೈಲ್ (ರೀಟ್ರೀಟ್ಮೆಂಟಿಗೇ ಇರುವ ಮೆಷಿನ್ ಫೈಲ್) ಮತ್ತೆ ಎಚ್ ಫೈಲಲ್ಲಿ (ಕೈಯಲ್ಲಿ ಎಳೆಯುವ ಹೆಡ್‌ಸ್ಟ್ರಾಮ್ ಫೈಲ್) ತೆಗೀರಿ, ಕರಗಿಸುವ ಸಾಲ್ವೆಂಟ್ ಆದಷ್ಟು ಕಡಿಮೆ, ಯಾಕಂದ್ರೆ ಕರಗಿದ್ದು ಗೋಡೆಗೆ ಮೆತ್ತಿಕೊಳ್ತದೆ. ಎಂಟೆರೋಕಾಕಸ್ ಫೀಕಾಲಿಸ್ ಅನ್ನುವ ಬ್ಯಾಕ್ಟೀರಿಯಾದ ಹೆಸರು ವೈವಾದಲ್ಲಿ ಬಂದೇ ಬರ್ತದೆ, ಅದು ಡೆಂಟಿನ್ ಟ್ಯೂಬುಲ್ (ಡೆಂಟಿನಿನ ಸೂಕ್ಷ್ಮ ಕೊಳವೆ) ಒಳಗೆ ಅಡಗಿ ಕೂರ್ತದೆ, ಕೆನಾಲಲ್ಲಿ ಇಡುವ ಔಷಧ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಕ್ಷಾರವನ್ನೂ ಪ್ರೋಟಾನ್ ಪಂಪ್ ಇಟ್ಕೊಂಡು ತಡೀತದೆ, ಹಾಗಾಗಿ ಕೆನಾಲ್ ತೊಳೆಯುವ ಹೈಪೋಕ್ಲೋರೈಟ್ ಧಾರಾಳ ಬೇಕು. ಆದ್ರೆ ಸೂಜಿ ಸಿಕ್ಕಿಹಾಕಿಕೊಂಡಿರುವಾಗ ಒತ್ತಿ ಬಿಡ್ಬೇಡಿ, ತುದಿಯಿಂದ ಹೊರಗೆ ಹೋದ್ರೆ ಮುಖ ಇಡೀ ಬಾತುಕೊಳ್ತದೆ.

ಒಳಗೆ ಉದ್ದ ಪೋಸ್ಟ್ (ಕ್ಯಾಪ್ ನಿಲ್ಲಿಸ್ಲಿಕ್ಕೆ ಬೇರಿಗೆ ಹಾಕಿದ ಕಡ್ಡಿ) ಉಂಟು, ಅಥವಾ ಚಂದ ರೀಟ್ರೀಟ್ ಮಾಡಿಯೂ ಗುಣ ಇಲ್ಲ ಅಂದ್ರೆ ಸರ್ಜರಿ. ಬೇರಿನ ತುದಿ 3 ಮಿಮೀ ಕತ್ತರಿಸುದು, ಸಣ್ಣ ಸಣ್ಣ ಕವಲುಗಳೆಲ್ಲ ಹೆಚ್ಚಾಗಿ ಅಲ್ಲೇ ಇರುದು, ಆಮೇಲೆ ಅಲ್ಟ್ರಾಸೋನಿಕ್ ಟಿಪ್ಪಲ್ಲಿ 3 ಮಿಮೀ ಒಳಗೆ ಕೊರೆದು ಎಂಟಿಎ ಅನ್ನುವ ಸಿಮೆಂಟ್ ತುಂಬುದು. ನಿಜವಾದ ಸಿಸ್ಟ್ (ಬೇರಿನ ತುದಿಯಲ್ಲಿ ಪೊರೆ ಇರುವ ಚೀಲ) ಕೆನಾಲಿಗೆ ಸಂಬಂಧ ಇಲ್ಲದೆ ಬೇರೆಯೇ ಕೂತಿರ್ತದೆ, ಅದಕ್ಕೂ ಸರ್ಜರಿಯೇ ಬೇಕಾದೀತು, ಆದ್ರೆ ಸಿಸ್ಟಾ ಗ್ರಾನುಲೋಮಾವಾ (ಉರಿಯೂತದ ಗಡ್ಡೆ) ಅಂತ ಎಕ್ಸ್‌ರೇಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ. ಸೀಳಿದ ದವಡೆ ಹಲ್ಲಾದ್ರೆ ಹೆಚ್ಚಾಗಿ ತೆಗೆಯುದೇ, ನಂತ್ರ ಬ್ರಿಡ್ಜ್ ಅಥವಾ ಇಂಪ್ಲಾಂಟ್.

ಮೆಡಿಕಲ್ಲಿಂದ ಅಮಾಕ್ಸಿಸಿಲಿನ್ ತಗೊಂಡು ತಿಂಗಳುಗಟ್ಟಲೆ ದೂಡುವವರಿಗೆ ಬಿಡಿಸಿ ಹೇಳಿ, ಕೆನಾಲ್ ಒಳಗೆ ರಕ್ತ ಓಡುದಿಲ್ಲ, ಮಾತ್ರೆ ಅಲ್ಲಿಗೆ ಮುಟ್ಟುದಿಲ್ಲ. ಜ್ವರ, ಹರಡ್ತಿರುವ ಬಾವು ಇದ್ರೆ ಮಾತ್ರ ಅದು ಬೇಕು.

ಇನ್ನೊಂದು, ನೋವಿಲ್ಲದೆ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಾತ್ರ ಕಂಡ್ರೆ ಯಾವಾಗ ಟ್ರೀಟ್‌ಮೆಂಟ್ ಆದದ್ದು ಅಂತ ಮೊದಲು ಕೇಳಿ. ಎಲುಬು ತುಂಬ್ಲಿಕ್ಕೆ ಸಮಯ ಬೇಕು, ಒಂದು ವರ್ಷಕ್ಕೆ ನೋಡುದು, ಸಣ್ಣ ಆಗ್ತಾ ಇದ್ರೆ 4 ವರ್ಷದವರೆಗೂ ಕಾಯ್ಬಹುದು. ಪ್ರತಿ ಸಲ ಹೋಲ್ಡರ್ ಹಾಕಿ ಒಂದೇ ಆ್ಯಂಗಲಲ್ಲಿ ಎಕ್ಸ್‌ರೇ ತೆಗೀರಿ, ಮೇಲೆ ತಾರೀಕು ಬರೀರಿ, ಆ್ಯಂಗಲ್ ಬದಲಾದ್ರೆ ಸಣ್ಣ ಆಯ್ತಾ ದೊಡ್ಡ ಆಯ್ತಾ ಅಂತ ಹೋಲಿಸ್ಲಿಕ್ಕೇ ಆಗುದಿಲ್ಲ.